ಹಳೇ ಜೀಪಿನ ರಿಮ್ಮು: ಬ್ಲಾಸ್ಟಿಂಗ್ ಮಾಡ್ಸಿ ಪೌಡರ್ ಕೋಟಿಂಗಾ, ಇಲ್ಲಾ ಪೇಂಟೇ ಸಾಕಾ?

ಸಾಗರದ_ಜೀಪು
ಎಲ್ರಿಗೂ ನಮಸ್ಕಾರ. ಅಪ್ಪನ ಕಾಲದ ಮಹೀಂದ್ರಾ ಎಂಎಂ 540 ಜೀಪ್ ಒಂದನ್ನ ಮತ್ತೆ ರೋಡಿಗೆ ತರ್ತಾ ಇದೀನಿ, ಇಂಜಿನ್ ಕೆಲ್ಸ ಆಯ್ತು, ಬಾಡಿ ಟಿಂಕರಿಂಗಿಗೆ ಹೋಗಿದೆ, ಈಗ ಉಳಿದಿರೋದು ರಿಮ್ಮುಗಳು. ಸ್ಟೆಪ್ನಿ ಸೇರಿ ಐದು, 16 ಇಂಚಿನ ಸ್ಟೀಲ್ ರಿಮ್, ಮೇಲೆ ಯಾರ್ಯಾರೋ ಸಿಲ್ವರ್ ಬಳಿದಿದಾರೆ, ಅದರಡಿ ಕಪ್ಪು, ಅದರಡಿ ತುಕ್ಕು. ಟೈರ್ ಬಿಚ್ಚಿಸಿದಾಗ ಒಳಗಿಂದ ಬೊಗಸೆ ತುಂಬ ತುಕ್ಕಿನ ಪುಡಿ ಉದುರ್ತು, ಟ್ಯೂಬ್ ಕೆಳಗಿನ ಫ್ಲಾಪ್ ಪೂರ್ತಿ ಕೆಂಪು.

ಇಲ್ಲಿನ ಪೇಂಟರ್ ಹೇಳೋದು ವೈರ್ ಬ್ರಷ್ ಹೊಡ್ದು ರೆಡ್ ಆಕ್ಸೈಡ್ ಹಾಕಿ ಎನಾಮಲ್ ಹೊಡೆದ್ರೆ ಸಾಕು ಅಂತ. ಬೆಂಗಳೂರಲ್ಲಿರೋ ಭಾವ ಸ್ಯಾಂಡ್ ಬ್ಲಾಸ್ಟಿಂಗ್ (ಗಾಳಿ ಒತ್ತಡದಲ್ಲಿ ಗಡುಸು ಕಾಳು ಹೊಡ್ದು ತುಕ್ಕು, ಬಣ್ಣ ಕೀಳೋದು) ಮಾಡ್ಸಿ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಅಂಟಿಸಿ ಓವನ್ನಲ್ಲಿ ಬೇಯಿಸೋದು) ಮಾಡ್ಸು, ಜನ್ಮಕ್ಕೆ ಮತ್ತೆ ಮುಟ್ಟೋದು ಬೇಡ ಅಂತಾರೆ. ನಮ್ಮ ಕಡೆ ಮಳೆ ಹೆಂಗೆ ಅಂತ ಗೊತ್ತಲ್ಲ, ಜೂನ್ ಹತ್ತಿದ್ರೆ ಗಾಡಿ ಕೆಸರಲ್ಲೇ ಇರತ್ತೆ. ಶೋಗೆ ಇಡೋ ಗಾಡಿ ಅಲ್ಲ ಇದು, ತೋಟಕ್ಕೆ ಹೋಗ್ಬೇಕು, ಗೊಬ್ಬರ ಹೊರ್ಬೇಕು. ಯಾವ್ದು ಬಾಳಿಕೆ ಬರತ್ತೆ ಹೇಳಿ.

ಹಾಸನ_ಹುಡ್ಗ
ಪೌಡರ್ ಕೋಟಿಂಗ್ ಗುರು, ಯೋಚ್ನೆನೇ ಮಾಡ್ಬೇಡ. ಫ್ರೆಂಡ್ ಬುಲೆಟ್ ಫ್ರೇಮಿಗೆ ಮಾಡ್ಸಿದಾನೆ, ಸ್ಪ್ಯಾನರ್ ಬಿದ್ರೂ ಗೀಚಲ್ಲ. ಎನಾಮಲ್ ಎಲ್ಲ ಅಜ್ಜನ ಕಾಲದ್ದು.

ಕಡಲತಡಿ
ಎಂತ ಮಾರಾಯ್ರೆ, ಫ್ರೇಮ್ ಬೇರೆ ರಿಮ್ ಬೇರೆ ಅಲ್ವಾ. ಫ್ರೇಮಿಗೆ ಟೈರ್ ಲಿವರ್ ಹಾಕಿ ಯಾರೂ ಮೀಂಟುದಿಲ್ಲ. ನಮ್ಮಲ್ಲಿ ಮಂಗಳೂರಿನ ಬೈಕಂಪಾಡಿ ಕಡೆ ಒಂದು ಕಡೆ ನನ್ನ ಅಣ್ಣನ ಜೀಪಿನ ರಿಮ್ಮಿಗೆ ಪೌಡರ್ ಮಾಡಿಸಿದ್ದು, ಬಂದಾಗ ಕನ್ನಡಿ ಹಾಗೆ ಹೊಳೀತಿತ್ತು. ಎರಡನೇ ಮಳೆಗಾಲಕ್ಕೆ ಅಂಚಲ್ಲಿ ಲಿವರ್ ತಾಗಿದ ಜಾಗದಿಂದ ನೀರು ಒಳಗೆ ಹೋಗಿ, ಮೇಲೆ ಏನೂ ಕಾಣುದಿಲ್ಲ, ಉಗುರು ಹಾಕಿ ಎಳೆದ್ರೆ ಪೂರ್ತಿ ಪದರವೇ ಕೈಗೆ ಬಂತು, ಅಡಿಯಲ್ಲಿ ಕಂದು ಬಣ್ಣದ ತುಕ್ಕು. ಪೇಂಟ್ ಆದ್ರೆ ತುಕ್ಕು ಹಿಡಿದ ಜಾಗ ಗುಳ್ಳೆ ಎದ್ದು ಕಾಣ್ತದೆ, ಅಲ್ಲಿಗೆ ಉಜ್ಜಿ ಟಚಪ್ ಮಾಡ್ಬಹುದು. ಪೌಡರ್‌ಗೆ ಟಚಪ್ ಎಂತದ್ದೂ ಇಲ್ಲ, ಪುನಃ ಪೂರ್ತಿ ತೆಗೀಬೇಕು. ಸಮುದ್ರದ ಗಾಳಿಯಲ್ಲಿ ಉಪ್ಪು ಉಂಟಲ್ಲ, ಅದಕ್ಕೆ ಸಣ್ಣ ತೂತು ಸಿಕ್ಕಿದ್ರೆ ಸಾಕು.

ಪೀಣ್ಯ_ಪೌಡರ್
ನಾನು ಇದೇ ಲೈನ್‌ನಲ್ಲಿ ಇರೋನು, ಹಂಗಾಗಿ ಪೌಡರ್ ಪರ ಮಾತಾಡ್ತೀನಿ ಅನ್ಕೊಂಡ್ರೆ ಅನ್ಕೊಳ್ಳಿ. ಕಡಲತಡಿ ಹೇಳಿದ್ದು ನಿಜ, ಆದ್ರೆ ತಪ್ಪು ಪೌಡರ್‌ದಲ್ಲ, ಅದರ ಕೆಳಗೆ ಏನೂ ಮಾಡಿಲ್ಲ ಅಷ್ಟೇ.

ಸರಿಯಾದ ಕಡೆ ಏನ್ ಮಾಡ್ತಾರೆ ಅಂದ್ರೆ, ಮೊದ್ಲು ಎಣ್ಣೆ ಗ್ರೀಸ್ ತೆಗೆಯೋದು, ತೊಳೆಯೋದು, ತುಕ್ಕು ತೆಗೆಯೋ ಆಸಿಡ್, ಮತ್ತೆ ತೊಳೆಯೋದು, ಆಮೇಲೆ ಫಾಸ್ಫೇಟಿಂಗ್, ಅಂದ್ರೆ ಬಣ್ಣ ಹಿಡಿಯೋಕೆ, ತುಕ್ಕು ತಡೆಯೋಕೆ ಲೋಹದ ಮೇಲೆ ಫಾಸ್ಫೇಟ್ ಪದರ ಕೂರ್ಸೋದು. ಸೆವೆನ್ ಟ್ಯಾಂಕ್ ಅಂತ ಬೋರ್ಡಲ್ಲೇ ಹಾಕಿರ್ತಾರೆ, ಒಳಗೆ ಹೋಗಿ ನೋಡಿದ್ರೆ ಕೆಲವು ಕಡೆ ಎರಡು ಟ್ಯಾಂಕಲ್ಲಿ ನೀರೂ ಇರಲ್ಲ. ಬ್ಲಾಸ್ಟ್ ಆದ ಮಾಲಿಗೆ ಆಸಿಡ್ ಬೇಕಿಲ್ಲ, ಆದ್ರೆ ಫಾಸ್ಫೇಟ್ ಆಗ್ಲಿ, ಇಲ್ಲಾ ಜಿಂಕ್ ಇರೋ ಎಪಾಕ್ಸಿ ಪ್ರೈಮರ್ ಪೌಡರ್ ಆಗ್ಲಿ, ಕೆಳಗೆ ಒಂದು ಇರ್ಲೇಬೇಕು. ಬರೀ ಸ್ಟೀಲ್ ಮೇಲೆ ಒಂದೇ ಕೋಟ್ ಪೌಡರ್ ಹೊಡ್ದು ಕಳ್ಸಿದ್ರೆ ಕಡಲತಡಿ ಅವ್ರ ಅಣ್ಣನ ರಿಮ್ಮಿಗೆ ಆದದ್ದೇ ಆಗೋದು.

ಇನ್ನೊಂದು ವಿಷ್ಯ ಯಾರೂ ಕೇಳಲ್ಲ. ಪೌಡರಲ್ಲೇ ಜಾತಿ ಇದೆ. ಎಪಾಕ್ಸಿ ತುಕ್ಕಿಗೆ ತುಂಬ ಒಳ್ಳೇದು, ಬಿಸಿಲಿಗೆ ಬಿದ್ರೆ ಮಂಕಾಗಿ ಸುಣ್ಣದ ಪುಡಿ ತರ ಕೈಗೆ ಹತ್ತತ್ತೆ. ಹೊರಗಡೆ ಇರೋ ವಸ್ತುಗೆ ಪ್ಯೂರ್ ಪಾಲಿಯೆಸ್ಟರ್ ಬೇಕು. ಎರಡೂ ಬೆರೆಸಿದ್ದು ಹೈಬ್ರಿಡ್, ಅದು ಬೀರು, ಆಫೀಸ್ ಟೇಬಲ್ಲಿಗೆ. ಗ್ರಿಲ್ಲು ಬೀರು ಮಾಡೋ ಸಣ್ಣ ಅಂಗಡಿಗೆ ರಿಮ್ ಕೊಟ್ರೆ ಅವತ್ತು ಗನ್‌ನಲ್ಲಿ ಯಾವ ಪೌಡರ್ ಇದ್ಯೋ ಅದೇ ಬೀಳೋದು. ಡಬ್ಬದ ಮೇಲಿನ ಲೇಬಲ್ ತೋರ್ಸಿ ಅಂತ ಕೇಳಿ, ಮುಖ ಗಂಟಾಕ್ಕೊಂಡ್ರೆ ಅಲ್ಲಿಂದ ಎದ್ದು ಬನ್ನಿ.

ಆಮೇಲೆ ಬೇಯಿಸೋದು. 180ರಿಂದ 200 ಡಿಗ್ರಿ, 10ರಿಂದ 20 ನಿಮಿಷ ಅಂತ ಪೌಡರ್ ಕಂಪ್ನಿ ಹೇಳೋದು ಲೋಹದ ಬಿಸಿ ಆ ಮಟ್ಟಕ್ಕೆ ಬಂದ ಮೇಲೆ ಎಣಿಸೋ ಟೈಮು, ಓವನ್ ಬಾಗ್ಲು ಹಾಕಿದ ಟೈಮಿಂದ ಅಲ್ಲ. ಜೀಪ್ ರಿಮ್ಮಿನ ನಡುವಿನ ಡಿಸ್ಕ್ ದಪ್ಪ, ಗ್ರಿಲ್ ಕಂಬಿ ತರ ಬೇಗ ಕಾಯಲ್ಲ. ಗ್ರಿಲ್ ಜೊತೆ ಅದೇ ಟ್ರಾಲೀಲಿ ನೇತಾಕಿ ಅದೇ ಟೈಮಿಗೆ ತೆಗೆದ್ರೆ ಅಂಚು ಬೆಂದಿರತ್ತೆ, ನಟ್ ಸುತ್ತ ಅರ್ಧ ಬೆಂದಿರತ್ತೆ. ನೋಡೋಕೆ ಎರಡೂ ಒಂದೇ ತರ. ಕಾಣದ ಒಂದು ಮೂಲೇಲಿ ಎಂಇಕೆ ಅಥವಾ ಒಳ್ಳೇ ಸ್ಟ್ರಾಂಗ್ ಥಿನ್ನರ್ ಅದ್ದಿದ ಬಟ್ಟೆಯಿಂದ ಚೆನ್ನಾಗಿ ಉಜ್ಜಿ ನೋಡಿ, ಬಣ್ಣ ಬಟ್ಟೆಗೆ ಬಂದು ಜಾಗ ಮೆತ್ತಗಾದ್ರೆ ಬೆಂದಿಲ್ಲ ಅಂತ. ಸ್ವಲ್ಪ ಮಂಕಾಗೋದು ಓಕೆ.

ಹಾಸನ_ಹುಡ್ಗ
ಅಣ್ಣ ಇಷ್ಟೆಲ್ಲ ಕೇಳಿದ್ರೆ ಅಂಗಡಿಯವ್ನು ನಮ್ಮನ್ನೇ ಬೇಯಿಸ್ತಾನೆ 😄

ಗೋಕುಲ್‌ರೋಡ್_ಫಿಟ್ಟರ್
ನೋಡ್ರಿ, ಬಣ್ಣದ ಮಾತು ಆಮ್ಯಾಲೆ. ಮೊದ್ಲ ನಟ್ ಕೂಡೋ ಜಾಗಾ ನೋಡ್ರಿ. ರಿಮ್ಮಿನ ತೂತಿನ ಬಾಯಿ ಕೋನ್ ಆಕಾರ ಇರತೈತಿ, ನಟ್ಟಿನ ಮುಖಾನೂ ಕೋನ್, ಅವೆರಡು ಲೋಹಕ್ಕ ಲೋಹ ಕೂತ್ರನ ಹಿಡಿತ. ಪೌಡರ್ 60ರಿಂದ 80 ಮೈಕ್ರಾನ್ ದಪ್ಪ ಕೂಡತೈತಿ, ಎರಡು ಕೋಟ್ ಆದ್ರ ಇನ್ನೂ ಜಾಸ್ತಿ. ನೀವು ಸ್ಪ್ಯಾನರ್ ಹಾಕಿ ಜಗ್ಗಿ ಬಿಗಿ ಮಾಡ್ತೀರಿ, ಟಾರ್ಕ್ ಸರಿ ಬರತೈತಿ, ಗಾಡಿ ಓಡಿದಂಗ ಆ ಪದರ ಬಿಸಿಗೆ ಒತ್ತಡಕ್ಕ ಹಿಂಡಿ ಸರೀತೈತಿ, ನಟ್ ಸಡ್ಲ ಆಗತೈತಿ. ಚಾಕ ಕಳಚಿ ಹೊಲದಾಗ ಹೋಗೋದು ಹಿಂಗ.

ರಿಮ್ಮಿನ ಹಿಂದಿನ ಮುಖ, ಹಬ್ಬಿಗೆ ತಾಗೋದು, ಅದಕ್ಕೂ ದಪ್ಪ ಕೋಟ್ ಬ್ಯಾಡ. ಪೌಡರ್ ಮಾಡಸೋದಾದ್ರ ತೂತಿಗೆ ಸಿಲಿಕಾನ್ ಪ್ಲಗ್, ಹಿಂದಿನ ಮುಖಕ್ಕ ಹೈ ಟೆಂಪರೇಚರ್ ಟೇಪ್ ಹಚ್ಚಸ್ರಿ. ಸಾದಾ ಮಾಸ್ಕಿಂಗ್ ಟೇಪ್ ಓವನ್ನಿನಾಗ ಸುಟ್ಟು ಹೊಕ್ಕೈತಿ. ಪೇಂಟ್ ಆದ್ರೂ ಆ ಕೋನ್ ಒಳಗ ಬರೇ ತೆಳ್ಳಗ ಪ್ರೈಮರ್, ಅಷ್ಟ. ಎರಡರಾಗ ಯಾವುದು ಮಾಡಸಿದ್ರೂ 50ರಿಂದ 100 ಕಿಲೋಮೀಟರ್ ಓಡಿಸಿದ ಮ್ಯಾಲೆ ಮತ್ತ ಟಾರ್ಕ್ ಹಾಕ್ರಿ. ಇದನ್ನ ಮರತು ಬಣ್ಣದ ಬಗ್ಗೆ ಎಷ್ಟ ಮಾತಾಡಿದ್ರೂ ಉಪಯೋಗಿಲ್ಲ.

ಪದ್ಮಿನಿ_ಪ್ರಿಯೆ
ಫಿಟ್ಟರ್ ಸರ್ ಹೇಳಿದ್ದಕ್ಕೆ ಪೂರ್ತಿ ಒಪ್ತೀನಿ. ನಂದು ಪ್ರೀಮಿಯರ್ ಪದ್ಮಿನಿ, 14 ಇಂಚಿನ ರಿಮ್ಮು, ಬ್ಲಾಸ್ಟಿಂಗ್ ಆದ್ಮೇಲೆ ಪೇಂಟೇ ಮಾಡ್ಸಿದ್ದು. ಯಾಕಂದ್ರೆ ಬ್ಲಾಸ್ಟ್ ಆಗಿ ಬಂದ ರಿಮ್ಮಿನ ಮೇಲೆ ಬೆರಳಾಡ್ಸಿ ನೋಡಿದ್ರೆ ಸಿಡುಬಿನ ಕಲೆ ತರ ಪೂರ್ತಿ ಗುಂಡಿಗಳು. ಪೌಡರ್ ಹಾಕಿದ್ರೆ ಆ ಗುಂಡಿ ಎಲ್ಲ ಹಂಗೇ ಮೇಲೆ ಕಾಣತ್ತೆ, ಮತ್ತೆ ಸಾಮಾನ್ಯ ಬಾಡಿ ಪುಟ್ಟಿ 200 ಡಿಗ್ರಿ ತಡ್ಕೊಳ್ಳಲ್ಲ, ಓವನ್ನಲ್ಲಿ ಉಬ್ಬಿ ಬಿರುಕು ಬಿಡತ್ತೆ. ಲೋಹದ ಪುಡಿ ಸೇರಿರೋ ಬೇರೆ ಫಿಲ್ಲರ್ ಇದೆ, ನಮ್ಮ ಪೇಂಟರ್‌ಗೆ ಅದರ ಹೆಸ್ರೂ ಗೊತ್ತಿರ್ಲಿಲ್ಲ. ಪೇಂಟಲ್ಲಿ ಎಪಾಕ್ಸಿ ಪ್ರೈಮರ್, ಅದರ ಮೇಲೆ ಹೈ ಬಿಲ್ಡ್ ಪ್ರೈಮರ್, ನೀರ್ ಪೇಪರ್ ಹೊಡ್ದು ಸಮ ಮಾಡಿ, ಪಿಯು (ಪಾಲಿಯುರೇಥೇನ್) ಟಾಪ್ ಕೋಟ್, ಅಂದ್ರೆ ಮೇಲಿನ ಬಣ್ಣ. ಹಳೇ ಕಾರಿನ ರಿಮ್ಮಿಗೆ ಫ್ಯಾಕ್ಟರಿ ಬಣ್ಣದ ಆ ಮೆತ್ತಗಿನ ಹೊಳಪು ಇರತ್ತಲ್ಲ, ಪೌಡರಲ್ಲಿ ಅದು ಬರೋದೇ ಇಲ್ಲ, ಹೊಸ ಫ್ರಿಜ್ ತರ ಕಾಣತ್ತೆ ಅನ್ನೋದು ನನ್ನ ಅಭಿಪ್ರಾಯ, ಬೈಕೊಳ್ಳೋರು ಬೈಕೊಳ್ಳಿ.

ಜೀಪಿಗೆ ಗುಂಡಿ ಕಂಡ್ರೆ ಏನೂ ನಷ್ಟ ಇಲ್ಲ ಬಿಡಿ.

ಪೀಣ್ಯ_ಪೌಡರ್
ಫ್ರಿಜ್ ಅಂದ್ರೆ ಒಪ್ಪಲ್ಲ ಮೇಡಂ, ಸೆಮಿ ಗ್ಲಾಸ್, ಮ್ಯಾಟ್ ಎಲ್ಲ ಇದೆ ಈಗ. ಗುಂಡಿ ವಿಷ್ಯ ಮಾತ್ರ ಹೌದು.

ಲ್ಯಾಬ್_ಅಕ್ಕ
ಎಲ್ರೂ ಸ್ಯಾಂಡ್ ಬ್ಲಾಸ್ಟಿಂಗ್ ಸ್ಯಾಂಡ್ ಬ್ಲಾಸ್ಟಿಂಗ್ ಅಂತಿದೀರಲ್ಲ, ಒಂದು ಮಾತು. ನಿಜವಾದ ಮರಳು ಹೊಡೆಯೋ ಕಡೆ ದಯವಿಟ್ಟು ಕೊಡ್ಬೇಡಿ. ಮರಳು ಅಂದ್ರೆ ಸಿಲಿಕಾ, ವೇಗವಾಗಿ ಲೋಹಕ್ಕೆ ಬಡಿದಾಗ ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗತ್ತೆ, ಶ್ವಾಸಕೋಶದ ಆಳಕ್ಕೆ ಹೋಗಿ ಅಲ್ಲೇ ಕೂತ್ಕೊಳತ್ತೆ, ಗಾಯ ಮಾಡತ್ತೆ. ಸಿಲಿಕೋಸಿಸ್‌ಗೆ ವಾಸಿ ಅನ್ನೋದಿಲ್ಲ. ಬ್ರಿಟನ್ನಲ್ಲಿ ಫ್ಯಾಕ್ಟರಿಗಳ ಬ್ಲಾಸ್ಟಿಂಗಿಗೆ ಮರಳು ಬಳಸೋದನ್ನ 1949ರ ನಿಯಮದಲ್ಲೇ ನಿಲ್ಲಿಸಿದ್ರು. ನಮ್ಮ 1948ರ ಫ್ಯಾಕ್ಟರೀಸ್ ಆಕ್ಟ್‌ನಲ್ಲಿ ಸಿಲಿಕೋಸಿಸ್ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟೀಲಿ ಇತ್ತು. ಆದ್ರೂ ಮುಖಕ್ಕೆ ಒಂದು ಟವೆಲ್ ಸುತ್ಕೊಂಡು ಬಯಲಲ್ಲಿ ಹೊಡೆಯೋ ಹುಡುಗ್ರನ್ನ ಈಗ್ಲೂ ನೋಡ್ತೀನಿ. ಟವೆಲ್ಲಿಂದ ಆ ಧೂಳು ನಿಲ್ಲಲ್ಲ.

ಗಾರ್ನೆಟ್, ಅಲ್ಯೂಮಿನಿಯಂ ಆಕ್ಸೈಡ್, ಸ್ಟೀಲ್ ಗ್ರಿಟ್ ಇವೆಲ್ಲ ಸಿಗತ್ತೆ, ಸ್ಟೀಲ್ ರಿಮ್ಮಿಗೆ ಮೂರೂ ಆಗತ್ತೆ. ಕ್ಯಾಬಿನೆಟ್ ಒಳಗೆ ಮಾಡೋ ಕಡೆ, ಗಾಳಿ ಕೊಡೋ ಹೆಲ್ಮೆಟ್ ಇರೋ ಕಡೆ ಕೊಡಿ, ನಾಲ್ಕು ಕಾಸು ಹೆಚ್ಚಾದ್ರೂ ಪರ್ವಾಗಿಲ್ಲ.

ಪಿಯು ಪೇಂಟಿಗೂ ಇದೇ ಮಾತು ಪದ್ಮಿನಿ ಅವ್ರೇ. ಅದರ ಹಾರ್ಡನರಲ್ಲಿ ಐಸೋಸಯನೇಟ್ ಇರತ್ತೆ, ಒಮ್ಮೆ ಅಲರ್ಜಿ ಆಯ್ತು ಅಂದ್ರೆ ಆಮೇಲೆ ಸ್ವಲ್ಪ ವಾಸ್ನೆಗೂ ಉಬ್ಬಸ ಬರತ್ತೆ. ಮನೆ ಶೆಡ್ಡಲ್ಲಿ ಬಟ್ಟೆ ಮಾಸ್ಕ್ ಹಾಕೊಂಡು ಹೊಡೆಯೋ ಪೇಂಟ್ ಅಲ್ಲ ಅದು.

ಪದ್ಮಿನಿ_ಪ್ರಿಯೆ
ಬೂತಲ್ಲೇ ಮಾಡ್ಸಿದ್ದು ಅಕ್ಕ, ಅಲ್ಲಿ ಗಾಳಿ ಪೈಪಿನ ಮಾಸ್ಕ್ ಇತ್ತು. ಆದ್ರೆ ಬರ್ದಿದ್ದು ಒಳ್ಳೇದಾಯ್ತು.

ಜಾವಾ_ಮೈಸೂರು
ಸ್ಪೋಕ್ ಚಕ್ರದವ್ರು ಯಾರಾದ್ರೂ ಇದನ್ನ ಓದ್ತಿದ್ರೆ ಸ್ವಲ್ಪ ತಾಳಿ, ಮೇಲಿಂದೆಲ್ಲ ಹಂಗೇ ಎತ್ಕೊಂಡು ಹೋಗ್ಬೇಡಿ. ನಮ್ಮ ಐಡಿಯಲ್ ಜಾವಾದ ಗಾಡಿಗಳು, ಯೆಜ್ಡಿ ಸೇರಿ, ಕ್ರೋಮ್ ರಿಮ್ಮು, ಅದಕ್ಕೆ ಪೌಡರ್ ಹೊಡಿಸಿದ್ರೆ ಮೈಸೂರಲ್ಲಿ ಯಾರೂ ಕ್ಷಮಿಸಲ್ಲ. ತಮಾಷೆ ಬಿಡಿ, ಸ್ಪೋಕ್ ಬಿಚ್ಚದೆ ಬ್ಲಾಸ್ಟ್ ಮಾಡೋ ಹಾಗೇ ಇಲ್ಲ, ನಿಪ್ಪಲ್ (ಸ್ಪೋಕ್ ಬಿಗಿ ಮಾಡೋ ಸಣ್ಣ ನಟ್ಟು) ಥ್ರೆಡ್ಡಲ್ಲಿ ಗ್ರಿಟ್ ಕೂತ್ರೆ ಮುಗೀತು. ನಿಪ್ಪಲ್ ಕೂರೋ ಗುಂಡಿಗೆ ದಪ್ಪ ಪೌಡರ್ ಬಿದ್ರೆ ಫಿಟ್ಟರ್ ಹೇಳಿದ್ರಲ್ಲ ನಟ್ ಕಥೆ, ಅದೇ ಇಲ್ಲೂ, ಪದರ ಹಿಂಡಿ ಸ್ಪೋಕ್ ಸಡ್ಲ ಆಗಿ ಬೆಂಡ್ ಬರತ್ತೆ. ಹಬ್ ಕೊಡೋದಾದ್ರೆ ಬೇರಿಂಗ್ ತೆಗ್ದೇ ಕೊಡಿ, ಡ್ರಮ್ ಒಳಗಿನ ಲೈನರ್ ಮುಖ ಮುಚ್ಚಿಸಿ. ಅಲ್ಯೂಮಿನಿಯಂ ಹಬ್ಬಿಗೆ ಸ್ಟೀಲ್ ಗ್ರಿಟ್ ಬೇಡ, ಗ್ಲಾಸ್ ಬೀಡ್ ಸಾಕು.

ಅಲಾಯ್_ಅಪ್ಪಿ
ನಡುವೆ ಬಾಯಿ ಹಾಕ್ತೀನಿ, ನಂದು ಸ್ಟೀಲ್ ಅಲ್ಲ, ಹಳೇ ಅಲಾಯ್. ಅದಕ್ಕೂ ಇದೇನಾ?

ಪೀಣ್ಯ_ಪೌಡರ್
ಅಲಾಯ್‌ಗೆ ಬಿಸಿ ವಿಷ್ಯದಲ್ಲಿ ಹುಷಾರು. ಹೀಟ್ ಟ್ರೀಟ್ ಮಾಡಿದ ಅಲ್ಯೂಮಿನಿಯಂ ಪದೇ ಪದೇ 200 ದಾಟಿ ಕಾದ್ರೆ ಗಟ್ಟಿತನ ಕಮ್ಮಿ ಆಗತ್ತೆ. ಕೆಲವರು ಹಳೇ ಪೌಡರ್ ತೆಗೆಯೋಕೆ ಸುಟ್ಟು ತೆಗೀತೀವಿ ಅಂತಾರೆ, ಸ್ಟೀಲಿಗೆ ನಡಿಯತ್ತೆ, ಅಲಾಯ್ ಚಕ್ರಕ್ಕೆ ಖಂಡಿತ ಬೇಡ. ಉಳಿದದ್ದಕ್ಕೆ ಬೇರೆ ಥ್ರೆಡ್ ಹಾಕಿ, ಇದು ಜೀಪ್‌ದು.

ಸಾಗರದ_ಜೀಪು
ಎಲ್ರಿಗೂ ಥ್ಯಾಂಕ್ಸ್, ಇಷ್ಟು ಬರುತ್ತೆ ಅನ್ಕೊಂಡಿರ್ಲಿಲ್ಲ. ಒಂದು ಡೌಟು. ನನ್ನ ರಿಮ್ಮಲ್ಲಿ ನಡುವಿನ ಡಿಸ್ಕು ಹೊರಗಿನ ಬಳೆಗೆ ಕೂಡೋ ಕಡೆ ಸುತ್ತ ಒಂದು ಸಂದು ಇದೆ, ಬ್ಲೇಡ್ ಹೋಗೋವಷ್ಟು. ಅಲ್ಲಿಂದ ತುಕ್ಕು ನೀರು ಇಳಿದ ಗೆರೆ ಇದೆ. ಅದಕ್ಕೆ ಏನ್ ಮಾಡೋದು?

ಗೋಕುಲ್‌ರೋಡ್_ಫಿಟ್ಟರ್
ಈಗ ಬಂತ ನೋಡ್ರಿ ಅಸಲಿ ಪ್ರಶ್ನೆ. ಸ್ಟೀಲ್ ರಿಮ್ ಸಾಯೋದು ಆ ಸಂದಿನಾಗ. ಎರಡು ತಗಡು ಒಂದರ ಮ್ಯಾಲೊಂದು ಕೂತಿರತಾವು, ನಡುನಡುವ ವೆಲ್ಡಿಂಗ್, ನಡುವಿನ ಗ್ಯಾಪಿನಾಗ ನೀರು ನಿಂತು ಒಳಗಿಂದ ತಿಂತೈತಿ. ಬ್ಲಾಸ್ಟಿಂಗ್ ಗ್ರಿಟ್ ಅಲ್ಲಿ ಒಳಗ ಹೋಗಂಗಿಲ್ಲ, ಬಾಯಾಗ ಸಿಕ್ಕೊಂಡು ಕೂಡತೈತಿ. ಗಾಳಿ ಹೊಡದು ಜಾಡಸ್ರಿ.

ಪೀಣ್ಯ_ಪೌಡರ್
ಪೌಡರೂ ಒಳಗೆ ಹೋಗಲ್ಲ, ಒಪ್ಕೋತೀನಿ. ಪೌಡರಿಗೆ ಕರೆಂಟ್ ಚಾರ್ಜ್ ಕೊಟ್ಟು ಅರ್ತ್ ಆಗಿರೋ ಲೋಹಕ್ಕೆ ಅಂಟಿಸೋದು, ಒಳ ಮೂಲೆ, ಸಂದು ಇರೋ ಕಡೆ ಪೌಡರ್ ಹತ್ತಿರದ ಅಂಚಿಗೇ ಹೋಗಿ ಅಂಟತ್ತೆ, ಆಳಕ್ಕೆ ಇಳಿಯಲ್ಲ. ಹಂಗಾಗಿ ಬಾಯಿ ಮೇಲೆ ಸೇತುವೆ ಕಟ್ಟಿದ ಹಾಗೆ ಒಂದು ಪದರ ನಿಲ್ಲತ್ತೆ, ಒಳಗೆ ಬರೀ ಲೋಹ. ಸಂದಲ್ಲಿ ಹಳೇ ಗ್ರೀಸ್ ಇದ್ರೆ ಓವನ್ನಲ್ಲಿ ಕಾದು ಹೊಗೆಯಾಗಿ ಅದೇ ಪದರ ತೂತು ಮಾಡ್ಕೊಂಡು ಹೊರಗೆ ಬರತ್ತೆ, ಸಾಲಾಗಿ ಸಣ್ಣ ಸಣ್ಣ ತೂತು. ಅದಕ್ಕೇ ಒಳ್ಳೇ ಕಡೆ ಪೌಡರ್ ಹೊಡಿಯೋ ಮುಂಚೆ ಒಂದ್ಸಲ ಖಾಲಿ ಬೇಯಿಸಿ ತೆಗೀತಾರೆ.

ಈಗಿನ ಹೊಸ ಸ್ಟೀಲ್ ರಿಮ್ಮುಗಳಿಗೆ ಫ್ಯಾಕ್ಟರೀಲಿ ಸಿಇಡಿ ಅಂತ ಮುಳುಗ್ಸಿ ಕರೆಂಟಲ್ಲಿ ಪ್ರೈಮರ್ ಹಾಕೋದು ಇದೇ ಕಾರಣಕ್ಕೆ, ದ್ರವ ಆದ್ರಿಂದ ಸಂದಿಗೂ ಇಳಿಯತ್ತೆ. ಐದು ರಿಮ್ಮಿಗೆ ಯಾರೂ ಆ ಟ್ಯಾಂಕ್ ಹತ್ರ ಬಿಟ್ಕೊಳ್ಳಲ್ಲ, ಅದು ಬೇರೆ ಮಾತು.

ಕಡಲತಡಿ
ಹಾಗಾದ್ರೆ ಪೇಂಟ್ ಅಂತಲೇ ಆಯ್ತಲ್ಲ! ತೆಳ್ಳಗೆ ಮಾಡಿದ ಎಪಾಕ್ಸಿ ಪ್ರೈಮರ್ ಬ್ರಷ್‌ನಲ್ಲಿ ಸಂದಿಗೆ ಕುಡಿಸಿದ್ರೆ ಅದೇ ಎಳ್ಕೊಳ್ತದೆ.

ಲ್ಯಾಬ್_ಅಕ್ಕ
ಪ್ರೈಮರ್ ಕುಡಿಸೋ ಮುಂಚೆ ಸಂದಿನ ತುಕ್ಕು ಹೋಗ್ಬೇಕಲ್ಲ. ಮನೇಲೇ ಆಗೋ ದಾರಿ ಒಂದಿದೆ. ದೊಡ್ಡ ಪ್ಲಾಸ್ಟಿಕ್ ಟಬ್ಬು, ನೀರಿಗೆ ಬಟ್ಟೆ ಒಗೆಯೋ ಸೋಡಾ, ಬ್ಯಾಟರಿ ಚಾರ್ಜರಿನ ನೆಗೆಟಿವ್ ವೈರ್ ರಿಮ್ಮಿಗೆ, ಪಾಸಿಟಿವ್ ಒಂದು ಹಳೇ ಕಬ್ಬಿಣದ ತಗಡಿಗೆ, ಎರಡೂ ಒಂದಕ್ಕೊಂದು ತಾಗ್ಬಾರ್ದು. ರಾತ್ರಿ ಪೂರ್ತಿ ಬಿಟ್ರೆ ಸಂದಿನ ಬಾಯಲ್ಲಿರೋ ತುಕ್ಕು ಸಡಿಲ ಆಗಿ ಕಪ್ಪು ಕೆಸರಾಗತ್ತೆ, ಬ್ರಷ್ ಹಾಕಿದ್ರೆ ಬರತ್ತೆ. ತಗಡಿಗೆ ಎದುರಾದ ಮುಖ ಚೆನ್ನಾಗಿ ಆಗತ್ತೆ, ಹಿಂದಿನದು ಕಮ್ಮಿ, ಹಂಗಾಗಿ ತಿರುಗಿಸ್ತಾ ಇರ್ಬೇಕು. ಪಾಸಿಟಿವ್‌ಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕ್ಲೇಬೇಡಿ, ವಿಷದ ಕ್ರೋಮಿಯಂ ನೀರಿಗೆ ಇಳಿಯತ್ತೆ. ಹೈಡ್ರೋಜನ್ ಗುಳ್ಳೆ ಬರತ್ತೆ, ಬಯಲಲ್ಲೇ ಮಾಡಿ, ಬೀಡಿ ಸಿಗರೇಟ್ ದೂರ. ಆಮೇಲೆ ಚೆನ್ನಾಗಿ ತೊಳೆದು, ಬಿಸಿ ಗಾಳಿಯಿಂದ ಸಂದು ಪೂರ್ತಿ ಒಣಗಿಸಿ ಬ್ಲಾಸ್ಟಿಂಗಿಗೆ ಒಯ್ಯಿರಿ.

ಹಾಸನ_ಹುಡ್ಗ
ಅಲ್ಲಾ ರೇಟ್ ಯಾರೂ ಹೇಳ್ತಿಲ್ವಲ್ಲ

ಪೀಣ್ಯ_ಪೌಡರ್
ರೇಟ್ ಹಾಕಿದ್ರೆ ನಾಳೆಯಿಂದ ಇದು ಜಗಳದ ಥ್ರೆಡ್ ಆಗತ್ತೆ. ಊರಿಗೊಂದು ಇದೆ. ಫೋನಲ್ಲಿ ಕೇಳುವಾಗ ಬ್ಲಾಸ್ಟಿಂಗು, ಫಾಸ್ಫೇಟು, ಮಾಸ್ಕಿಂಗು, ಪ್ರೈಮರು, ಟಾಪ್ ಕೋಟು ಬೇರೆ ಬೇರೆ ಕೇಳಿ. ಎಲ್ಲ ಸೇರಿ ಒಂದೇ ರೇಟ್ ಅಂದ್ರೆ ಅದರಲ್ಲಿ ಒಂದೆರಡು ಇರಲ್ಲ ಅಂತ ಅರ್ಥ.

ಇನ್ನೊಂದು, ಬ್ಲಾಸ್ಟ್ ಆದ ಸ್ಟೀಲ್ ಹಸಿ ಹಸಿ ಇರತ್ತೆ. ಎಸ್ಎ 2.5 ಮಟ್ಟಕ್ಕೆ ಬೇಕು ಅಂತ ಹೇಳಿ, ಅಂದ್ರೆ ಬೂದು ಬಿಳುಪು, ಅಲ್ಲಲ್ಲಿ ಮಬ್ಬು ನೆರಳು ಬಿಟ್ರೆ ಏನೂ ಇರ್ಬಾರ್ದು. ಬರಿಗೈಲಿ ಮುಟ್ಟಿದ್ರೆ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಬರತ್ತೆ, ಗ್ಲೌಸ್ ಹಾಕಿ. ಅದೇ ದಿನ, ಸಾಧ್ಯ ಆದ್ರೆ ನಾಲ್ಕು ಗಂಟೆ ಒಳಗೆ, ಪ್ರೈಮರ್ ಬೀಳ್ಬೇಕು. ಸಾಗರದಲ್ಲಿ ಮಳೆಗಾಲದಲ್ಲಿ ಬ್ಲಾಸ್ಟ್ ಮಾಡ್ಸಿ, ಪೇಂಟರ್ ನಾಳೆ ಬರ್ತೀನಿ ಅಂದ ಅಂತ ಜಗಲೀಲಿ ಇಟ್ರೆ ಬೆಳಿಗ್ಗೆಗೆ ಕಿತ್ತಳೆ ಬಣ್ಣ. ಬ್ಲಾಸ್ಟಿಂಗ್ ಎಲ್ಲೋ ಪೇಂಟ್ ಇನ್ನೆಲ್ಲೋ ಅಂತ ಮಾಡ್ಕೋಬೇಡಿ.

ಸಾಗರದ_ಜೀಪು
ಅಪ್‌ಡೇಟ್. ಸೋಡಾ ಟಬ್ ಮಾಡಿದೆ, ಲ್ಯಾಬ್ ಅಕ್ಕಂಗೆ ದೊಡ್ಡ ನಮಸ್ಕಾರ, ಸಂದಿಂದ ಬಂದ ಕಪ್ಪು ನೋಡಿ ಮನೆಯವ್ರು ಟಬ್ ವಾಪಸ್ ಬೇಡ ಅಂದ್ಬಿಟ್ರು. ಮಳೆ ಬಿಟ್ಟ ಮೇಲೆ ಶಿವಮೊಗ್ಗ ಆಟೋ ಕಾಂಪ್ಲೆಕ್ಸ್ ಕಡೆ ಗಾರ್ನೆಟ್ ಬ್ಲಾಸ್ಟಿಂಗೂ ಪೇಂಟ್ ಬೂತೂ ಹತ್ತತ್ರ ಇರೋದು ಹುಡುಕಿ ಒಯ್ದೆ. ನಿರ್ಧಾರ ಎಪಾಕ್ಸಿ ಪ್ರೈಮರ್ ಮತ್ತೆ ಪಿಯು. ಪಂಕ್ಚರ್ ಅಂಗಡಿಯವನು ವರ್ಷಕ್ಕೆರಡು ಸಲ ಲಿವರ್ ಹಾಕೋನೇ, ನಾನೇ ಟಚಪ್ ಮಾಡ್ಕೋಬಹುದು ಅನ್ನೋದೊಂದೇ ಕಾರಣ ಸಾಕಾಯ್ತು.

ಆದ್ರೆ ಬ್ಲಾಸ್ಟ್ ಆದ್ಮೇಲೆ ಒಂದು ರಿಮ್ಮಲ್ಲಿ ನಟ್ ತೂತಿಂದ ನಡುವಿನ ದೊಡ್ಡ ತೂತಿನ ಕಡೆಗೆ ಕೂದಲೆಳೆ ತರ ಗೆರೆ ಕಾಣ್ತಿದೆ. ಉಗುರಿಗೆ ಸಿಗತ್ತೆ. ವೆಲ್ಡಿಂಗ್ ಮಾಡ್ಸಿದ್ರೆ ಆಗತ್ತಾ?

ಗೋಕುಲ್‌ರೋಡ್_ಫಿಟ್ಟರ್
ಬ್ಯಾಡ್ರಿ. ಅದು ಕ್ರ್ಯಾಕ್. ನಟ್ ಸಡ್ಲ ಇಟ್ಟು ಓಡಿಸಿದ ಗಾಡಿಗೆ ಹಿಂಗ ಬರತೈತಿ. ಅನುಮಾನ ಇದ್ರ ಡೈ ಪೆನಿಟ್ರಂಟ್ ಸ್ಪ್ರೇ ಹೊಡದು ನೋಡ್ರಿ, ಕೆಂಪು ಗೆರಿ ಎದ್ದು ಬರತೈತಿ. ವೆಲ್ಡ್ ಮಾಡಿದ್ರ ಬಾಜೂಕ ಮತ್ತ ಸೀಳತೈತಿ. ಆ ರಿಮ್ ಗ್ಯಾಸ್ ಕಟರ್‌ಲೆ ಎರಡು ತುಂಡು ಮಾಡಿ ಗುಜರಿಗೆ ಹಾಕ್ರಿ, ಹಂಗ ಕೊಟ್ರ ಮತ್ತ ಯಾರದೋ ಗಾಡಿಗೆ ಹೋಗಿ ಕೂಡತೈತಿ. ಉಳಿದ ನಾಲ್ಕೂ ತೂತಿನ ಸುತ್ತ ಲೆನ್ಸ್ ಹಿಡದು ನೋಡಿ ಆಮ್ಯಾಲೆ ಪ್ರೈಮರ್ ಹಚ್ಚಸ್ರಿ.

ಕಡಲತಡಿ
ಎನಾಮಲ್ ಬಳಿದಿದ್ರೆ ಇದು ಕಾಣ್ತಲೇ ಇರ್ಲಿಲ್ಲ ಮಾರಾಯ್ರೆ. ಪೌಡರಿನ ಅಡಿಯಲ್ಲೂ ಕಾಣ್ತಿರ್ಲಿಲ್ಲ.

ಸಾಗರದ_ಜೀಪು
ಸರಿ ಹಂಗಾದ್ರೆ ಒಂದು ರಿಮ್ ಹುಡುಕ್ಬೇಕು. 5 ಬೋಲ್ಟ್, ಪಿಸಿಡಿ (ಬೋಲ್ಟ್ ತೂತುಗಳ ನಡು ಹಾದು ಹೋಗೋ ವೃತ್ತದ ಅಡ್ಡಳತೆ) 5.5 ಇಂಚು. ಯಾರ ಹತ್ರ ಆದ್ರೂ ಇದ್ಯಾ? ಜಿಪ್ಸಿದು ಕೂರತ್ತಾ?

ಪದ್ಮಿನಿ_ಪ್ರಿಯೆ
ಜಿಪ್ಸಿ ಪಿಸಿಡಿ ಅದೇ, ಆದ್ರೆ ರಿಮ್ 15 ಇಂಚು, ನಿಮ್ಮ 16ರ ಟೈರ್ ಆಗಲ್ಲ. ಬೆಂಗಳೂರಿನ ಜೆಸಿ ರೋಡಲ್ಲಿ ಹಳೇ ಜೀಪಿನ ಸಾಮಾನು ಇಡೋರನ್ನ ಕೇಳಿ ನೋಡಿ. ತಗೊಳ್ಳೋ ಮುಂಚೆ ಆಫ್‌ಸೆಟ್ (ಹಬ್ಬಿಗೆ ಕೂರೋ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಆಚೀಚೆ ಇದೆ ಅನ್ನೋದು) ಅಳೆದು ನೋಡಿ, ಬಣ್ಣ ಹೊಸದಾಗಿ ಹೊಡ್ದಿರೋ ರಿಮ್ ಕೊಟ್ರೆ ನಟ್ ತೂತಿನ ಸುತ್ತ ಕೆರೆದು ನೋಡದೆ ದುಡ್ಡು ಕೊಡ್ಬೇಡಿ.

ಗೋಕುಲ್‌ರೋಡ್_ಫಿಟ್ಟರ್
ನಮ್ಮ ಕಡೆ ಒಂದು ಐತಿ, ಫೋಟೋ ಕಳಸ್ತೇನಿ. ತುಕ್ಕು ಐತಿ, ಕ್ರ್ಯಾಕ್ ಇಲ್ಲ. ಹುಬ್ಬಳ್ಳಿಯಿಂದ ಬಸ್ಸಿಗೆ ಹಾಕಿದ್ರ ಸಾಗರಕ್ಕ ಬರತೈತಿ.